ಚಕ್ರದಡಿಯ ನಿಂಬೆಹಣ್ಣು

ಟೊಯೊಟಾ ಎಂದರೆ ಕೆಡದ ಗಾಡಿ. ಬಿಡದಿಯಿಂದ ಸಿಡ್ನಿಯವರೆಗೆ ಇದು ಲೋಕರೂಢಿ. ಲಕ್ಷಕ್ಕೊಂದು ಕೆಟ್ಟ ಗಾಡಿ ನಿಮ್ಮ ಮನೆ ಬಾಗಿಲಿಗೇ ಬಂದು ನಿಂತರೆ? ಆಗ ಆ ಒಳ್ಳೆಯ ಹೆಸರೇ ನಿಮಗೆ ಎದುರು ಸಾಕ್ಷಿ!

ಕಳೆದ ವರ್ಷದ ಆಯುಧಪೂಜೆ. ಬೆಳಿಗ್ಗೆ ಏಳೂವರೆಗೇ ನಮ್ಮ ಬಡಾವಣೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂಬತ್ತು ಗಾಡಿಗಳು ಮಿಂದು ಮಡಿಯುಟ್ಟು ಸಾಲಾಗಿ ನಿಂತಿದ್ದವು. ಬಾನೆಟ್ಟಿಗೆ ವಿಭೂತಿ, ಕುಂಕುಮ. ಕನ್ನಡಿಗೆ ಸೇವಂತಿಗೆ ಹಾರ. ಬಂಪರಿನ ಎರಡೂ ಬದಿಗೆ ಬಾಳೆಕಂದು. ಪುರೋಹಿತರು ಒಂದೊಂದು ಗಾಡಿಗೂ ಎರಡೇ ನಿಮಿಷ ಕೊಟ್ಟು, ಚಕ್ರಗಳಡಿ ನಿಂಬೆಹಣ್ಣು ಇಡಿಸಿ, ‘ಹ್ಞೂಂ, ಮುಂದಕ್ಕೆ ಬಿಡಪ್ಪ’ ಎನ್ನುತ್ತಿದ್ದರು. ಪಟ್ ಎಂದು ಹಣ್ಣು ಒಡೆಯುತ್ತಿತ್ತು.

ಸಾಲಿನ ತಲೆಯಲ್ಲಿ ಇದ್ದದ್ದು ಹತ್ತು ವರ್ಷ ಹಳೆಯ ಬಿಳಿ ಇನ್ನೋವಾ. ಮೀಟರಿನಲ್ಲಿ ಐದು ಲಕ್ಷ ಕಿಲೋಮೀಟರ್ ದಾಟಿತ್ತು. ‘ಎಂಜಿನ್ ಇನ್ನೂ ಬಿಚ್ಚಿಲ್ಲ ಸಾರ್. ಆಯಿಲ್ ಹಾಕ್ದೆ, ಓಡಿಸ್ದೆ, ಅಷ್ಟೇ’ ಎಂದ ಚಾಲಕ. ಮಗನ ಬಗ್ಗೆ ಹೇಳಿಕೊಳ್ಳುವಾಗಲೂ ಅವನ ದನಿ ಅಷ್ಟು ಏರಿದ್ದನ್ನು ನಾನು ಕೇಳಿಲ್ಲ.

ಸಾಲಿನ ಬಾಲದಲ್ಲಿ ಹಳದಿ ಬೋರ್ಡಿಲ್ಲದ ಒಂದು ಹೊಸ ಕಾರು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರದು. ಕೊಂಡ ಎಂಟು ತಿಂಗಳಲ್ಲಿ ಏಳು ಸಲ ಸರ್ವಿಸ್ ಸ್ಟೇಷನ್ ಕಂಡಿದ್ದ ಕಾರು. ಸಿಗ್ನಲ್‌ನಲ್ಲಿ ನಿಂತರೆ ತಾನಾಗಿ ಆಫ್ ಆಗುವುದು ಅದರ ಚಾಳಿ. ಅದು ಟೊಯೊಟಾ ಅಲ್ಲ. ಯಾವುದು ಎಂಬುದು ಇಲ್ಲಿ ಬೇಡ, ವಿಷಯ ಗ್ರಾಹಕರ ಆಯೋಗದ ಮುಂದಿದೆ. ಮೇಷ್ಟ್ರ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು. ಪೂಜೆಗೆ ಫೈಲು ಯಾಕೆ ಎಂದು ನಾನು ಕೇಳಲು ಹೋಗಲಿಲ್ಲ.

ಇನ್ನೋವಾದವನು ಅವರನ್ನು ನೋಡಿ ನಕ್ಕ. ‘ನೀವು ಹೆಂಗೆ ಓಡಿಸ್ತೀರೋ ಏನೋ ಮೇಷ್ಟ್ರೇ. ಆ ಕಂಪನಿ ಗಾಡಿ ಹಂಗೆಲ್ಲ ಮಾಡಲ್ಲ.’

ಶೋರೂಮಿನಲ್ಲಿ ಹೇಳಿದ್ದೂ ಅದೇ ಮಾತಂತೆ. ಇಂಗ್ಲಿಷಿನಲ್ಲಿ, ಎ.ಸಿ. ಹಾಕಿಕೊಂಡು.

ಹಣ್ಣು ಅಡಿಯಲ್ಲೋ, ಮೇಲೋ?

ಇದೊಂದು ತಮಾಷೆ ನೋಡಿ. ಗಾಡಿ ಕೆಡದಿರಲಿ ಎಂದು ನಾವು ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅಮೆರಿಕದವರು ಪದೇ ಪದೇ ಕೆಡುವ ಕಾರನ್ನೇ ‘ನಿಂಬೆಹಣ್ಣು’ ಎಂದು ಕರೆಯುತ್ತಾರೆ. ಅಲ್ಲಿ ಅದು ಬರಿಯ ಬೈಗುಳವಲ್ಲ, ಕಾಯ್ದೆಯ ಹೆಸರೂ ಹೌದು.

ಅರ್ಥಶಾಸ್ತ್ರಕ್ಕೂ ಆ ಹಣ್ಣು ಹತ್ತಿದೆ. ಹಳೆಯ ಕಾರು ಮಾರುವವನಿಗೆ ಅದರ ಹುಳುಕು ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಈ ಸಣ್ಣ ಸಂಗತಿ ಇಡೀ ಸಂತೆಯನ್ನೇ ಹೇಗೆ ಕೆಡಿಸುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪ್ರಬಂಧ ಬರೆದರು. ಶೀರ್ಷಿಕೆಯಲ್ಲೇ ನಿಂಬೆಹಣ್ಣಿತ್ತು. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಆ ಬರಹದ ದಾರಿಯಲ್ಲೇ 2001ರಲ್ಲಿ ನೊಬೆಲ್ ಬಂತು. ಕೊಳ್ಳುವವನ ಈ ಕತ್ತಲೆಗೆ ಮಾರುಕಟ್ಟೆ ಕಂಡುಕೊಂಡ ದೀಪಗಳಲ್ಲಿ ಒಂದು ಗ್ಯಾರಂಟಿ, ಇನ್ನೊಂದು ಬ್ರ್ಯಾಂಡ್ ಎಂದರು ಅವರು. ಒಳಗೇನಿದೆ ಎಂದು ಗೊತ್ತಾಗದಿದ್ದರೆ ಹೆಸರು ನೋಡಿ ಕೊಳ್ಳುತ್ತೇವೆ.

ಹಾಗೆ ಹೆಸರು ನೋಡಿ ಕೊಳ್ಳುವವರಿಗೆ ಕಳೆದ ಐವತ್ತು ವರ್ಷಗಳಲ್ಲಿ ಟೊಯೊಟಾಗಿಂತ ಗಟ್ಟಿಯಾದ ಹೆಸರು ಸಿಕ್ಕಿದ್ದು ಕಡಿಮೆ.

ಕರ್ನಾಟಕದಲ್ಲಿ ಆ ಹೆಸರನ್ನು ಬಿತ್ತಿದ್ದು ಕ್ವಾಲಿಸ್. ಕಿರ್ಲೋಸ್ಕರ್ ಬಳಗದ ಜತೆ 1997ರಲ್ಲಿ ಕಂಪನಿ ಹುಟ್ಟಿತು, ಬಿಡದಿಯಲ್ಲಿ ಕಾರ್ಖಾನೆ ಎದ್ದಿತು, 2000ದ ಜನವರಿಯಲ್ಲಿ ಗಾಡಿ ಬೀದಿಗೆ ಬಂತು. ಡಬ್ಬಿಯ ಹಾಗೆ ಚೌಕ, ನೋಡಲು ಯಾವ ಚೆಂದವೂ ಇಲ್ಲ. ಮೂಲ ಇಂಡೊನೇಷ್ಯಾದ ಕಿಜಾಂಗ್. ‘ಇದನ್ನ ಯಾರು ತಗೋತಾರೆ’ ಎಂದವರೇ ಹೆಚ್ಚು.

ತೆಗೆದುಕೊಂಡವರು ಟ್ರಾವೆಲ್ಸಿನವರು. ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬಾಗಿಲು ತೆರೆಯುತ್ತಿದ್ದ ಕಾಲ ಅದು. ರಾತ್ರಿ ಪಾಳಿಯ ಪಿಕಪ್, ಬೆಳಗಿನ ಜಾವದ ಡ್ರಾಪ್, ನಡುವೆ ಏರ್‌ಪೋರ್ಟು, ಶನಿವಾರ ಭಾನುವಾರ ಧರ್ಮಸ್ಥಳ. ಎಂಜಿನ್ ತಣ್ಣಗಾಗಲು ಬಿಡುವೇ ಇರುತ್ತಿರಲಿಲ್ಲ. ಆ ಗಾಡಿ ದೂರಲಿಲ್ಲ. 2005ರ ಆರಂಭದಲ್ಲಿ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಮದುವೆ ದಿಬ್ಬಣ, ಶಾಸಕರ ಬೆಂಗಾವಲು, ತಿರುಪತಿ ಪ್ಯಾಕೇಜು ಎಲ್ಲಕ್ಕೂ ಇನ್ನೋವಾ. ಟ್ರಿಪ್ ಬುಕ್ ಮಾಡುವಾಗ ‘ಗಾಡಿ ಯಾವುದು’ ಎಂದು ಕೇಳದೆ ‘ಇನ್ನೋವಾನೇ ತಾನೆ’ ಎಂದು ಕೇಳುವ ರೂಢಿ ಬಂತು.

ಇದು ಜಾಹೀರಾತು ಕಟ್ಟಿದ ಹೆಸರಲ್ಲ, ಚಾಲಕರು ಕಟ್ಟಿದ್ದು. ಅದಕ್ಕೇ ಅದು ಅಲುಗಾಡುವುದಿಲ್ಲ.

ನೂಲು ಕಡಿದರೆ ಮಗ್ಗ ನಿಲ್ಲಬೇಕು

ಈ ಹೆಸರಿನ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಬಡಗಿಯ ಮಗ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು. ನೂಲು ಕಡಿದ ತಕ್ಷಣ ಅದು ತಾನಾಗಿ ನಿಲ್ಲುತ್ತಿತ್ತು. ಹುಳುಕು ಬಟ್ಟೆ ಮಾರುದ್ದ ನೇಯ್ದಾದ ಮೇಲೆ ಅಯ್ಯೋ ಎನ್ನುವ ಪ್ರಸಂಗವೇ ಇಲ್ಲ. ಒಬ್ಬ ಕೆಲಸಗಾರ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು. 1929ರಲ್ಲಿ ಇದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡುಕೊಂಡಿತು. ಸಕಿಚಿಯ ಮಗ ಕಿಯಿಚಿರೊ ಕಾರಿನ ಬೆನ್ನು ಹತ್ತಿ 1937ರಲ್ಲಿ ಟೊಯೊಟಾ ಮೋಟಾರ್ ಕಟ್ಟಿದ. (ಕರ್ನಾಟಕಕ್ಕೂ ಈ ಬಳಗ ಮೊದಲು ಬಂದದ್ದು ನೂಲಿನ ದಾರಿಯಲ್ಲೇ. 1995ರಲ್ಲಿ ಕಿರ್ಲೋಸ್ಕರ್ ಜತೆಗೂಡಿ ಬಟ್ಟೆಗಿರಣಿಯ ಯಂತ್ರ ಮಾಡುವ ಕಂಪನಿ ಶುರುವಾಯಿತು. ಕಾರು ಆಮೇಲೆ.)

ಮಗ್ಗದ ಆ ಗುಣವೇ ಕಾರ್ಖಾನೆಗೆ ಬಂದು ‘ಅಂದೋನ್’ ಆಯಿತು. ಜೋಡಣೆಯ ಸಾಲಿನುದ್ದಕ್ಕೂ ತಲೆಯ ಮೇಲೊಂದು ಹಗ್ಗ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ತಪ್ಪು ಕಂಡರೆ ಅದನ್ನು ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲ್ವಿಚಾರಕ ಓಡಿಬರುತ್ತಾನೆ, ಬಗೆಹರಿಯದಿದ್ದರೆ ಸಾಲೇ ನಿಲ್ಲುತ್ತದೆ. ಆಮೇಲೆ ತಾಯಿಚಿ ಓನೊ ಕಲಿಸಿದ ವಿದ್ಯೆ: ‘ಯಾಕೆ’ ಎಂದು ಐದು ಸಲ ಕೇಳು, ಬೇರು ಸಿಗುತ್ತದೆ.

ಜಗತ್ತಿನ ಮ್ಯಾನೇಜ್‌ಮೆಂಟ್ ಕಾಲೇಜುಗಳೆಲ್ಲ ಈ ಹಗ್ಗದ ಕತೆ ಹೇಳುತ್ತವೆ. ಯಾರೂ ಹೇಳದ ಒಂದು ಸಂಗತಿಯಿದೆ. ಹಗ್ಗ ಇರುವುದು ಕಾರ್ಖಾನೆಯ ಒಳಗೆ. ಕಾರು ಗೇಟು ದಾಟಿ, ದುಡ್ಡು ಕೊಟ್ಟವನ ಮನೆ ಸೇರಿದ ಮೇಲೆ ನೂಲು ಕಡಿದರೆ ಎಳೆಯಲು ಅವನ ಕೈಗೆ ಏನಿದೆ?

ಒಂದು ಸಲ ಇತ್ತು. 1989ರಲ್ಲಿ ಟೊಯೊಟಾ ಅಮೆರಿಕದಲ್ಲಿ ಲೆಕ್ಸಸ್ ಎಂಬ ಐಷಾರಾಮಿ ಹೆಸರಿನಲ್ಲಿ ಎಲ್‌ಎಸ್ 400 ಕಾರು ತಂದಿತು. ಮೂರು ತಿಂಗಳೊಳಗೆ ಬೆರಳೆಣಿಕೆಯ ದೂರು ಬಂದವು. ಹಿಂಬದಿಯ ಬ್ರೇಕ್ ದೀಪ ಬಿಸಿಯಾಗುತ್ತದೆ, ಕ್ರೂಸ್ ಕಂಟ್ರೋಲ್ ಬಿಡುವುದಿಲ್ಲ ಎಂದು. ಮಾರಿದ್ದ ಸುಮಾರು 8,000 ಕಾರುಗಳನ್ನೂ ಕಂಪನಿ ವಾಪಸು ಕರೆಯಿತು. ಕರೆಯಿತು ಎನ್ನುವುದೂ ತಪ್ಪು. ಮನೆಗೇ ಹೋಗಿ ಕಾರು ತಂದರು, ಸರಿಮಾಡಿದರು, ತೊಳೆದರು, ಪೆಟ್ರೋಲ್ ತುಂಬಿಸಿ ಹಿಂದಕ್ಕೆ ಬಿಟ್ಟುಬಂದರು. ಹೊಸ ಹೆಸರು ಮುಳುಗಿತು ಎಂದುಕೊಂಡವರೆಲ್ಲ ನೋಡುತ್ತಿದ್ದಂತೆ ಅದೇ ವಾಪಸಾತಿ ಲೆಕ್ಸಸ್‌ನ ಹೆಸರು ಕಟ್ಟಿತು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹಗ್ಗ ಎಲ್ಲೋ ಕಳೆದುಹೋಗಿತ್ತು.

ಕೌಂಟರಿನಲ್ಲಿ ನಿಂತುಹೋದ ದೂರು

2009ರ ಆಗಸ್ಟ್ 28. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಬಳಿಯ ಸ್ಯಾಂಟೀ. ಹೆದ್ದಾರಿ ಪೊಲೀಸ್ ಪಡೆಯ ಅಧಿಕಾರಿಯೊಬ್ಬ ರಜೆಯಲ್ಲಿದ್ದ. ತನ್ನ ಕಾರು ಸರ್ವಿಸಿಗೆ ಬಿಟ್ಟು, ಡೀಲರ್ ತಾತ್ಕಾಲಿಕವಾಗಿ ಕೊಟ್ಟ ಲೆಕ್ಸಸ್‌ನಲ್ಲಿ ಹೆಂಡತಿ, ಮಗಳು, ಭಾವಮೈದುನನೊಡನೆ ಹೊರಟಿದ್ದ. ಆಕ್ಸಿಲರೇಟರ್ ಕೆಳಗೇ ಉಳಿಯಿತು. ನೂರು ಮೈಲಿಯ ಆಸುಪಾಸಿನ ವೇಗ. ಒಳಗಿಂದಲೇ ಒಬ್ಬರು ತುರ್ತು ಸಂಖ್ಯೆಗೆ ಕರೆ ಮಾಡಿ ಬ್ರೇಕ್ ಹಿಡಿಯುತ್ತಿಲ್ಲ ಎಂದು ಕೂಗುತ್ತಿದ್ದರು. ನಾಲ್ವರೂ ಉಳಿಯಲಿಲ್ಲ.

ಆ ಕಾರಿಗೆ ಬೇರೊಂದು ಮಾದರಿಯ ರಬ್ಬರ್ ಮ್ಯಾಟು ಹಾಕಿದ್ದರು. ಅದರ ಅಂಚು ಪೆಡಲ್ಲನ್ನು ಹಿಡಿದುಕೊಂಡಿತ್ತು. ಇಷ್ಟು ತನಿಖೆಯಲ್ಲಿ ಹೊರಬಂತು. ಜತೆಗೆ ಇನ್ನೊಂದು ಸಂಗತಿಯೂ ಬಂತು. ಕೆಲವೇ ದಿನಗಳ ಮುಂಚೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕನಿಗೂ ಹೀಗೇ ಆಗಿತ್ತು. ಅವನು ಹೇಗೋ ನಿಲ್ಲಿಸಿದ. ಕಾರು ಹಿಂದಿರುಗಿಸುವಾಗ ಕೌಂಟರಿನಲ್ಲಿ ಕೂತವರಿಗೆ, ಮ್ಯಾಟು ಸಿಕ್ಕಿಕೊಂಡಿತ್ತು, ನೋಡಿ ಎಂದೂ ಹೇಳಿದ.

ಅಂದರೆ ಗ್ರಾಹಕ ಹಗ್ಗ ಎಳೆದಿದ್ದ. ಆ ತುದಿಯಲ್ಲಿ ದೀಪ ಹೊತ್ತಲಿಲ್ಲ.

ಆಮೇಲಿನದು ಜಗತ್ತಿಗೆ ಗೊತ್ತಿರುವ ಕತೆ. ಮ್ಯಾಟಿನ ಕಾರಣಕ್ಕೆ ಲಕ್ಷಗಟ್ಟಲೆ ಕಾರು ವಾಪಸು. 2010ರ ಜನವರಿಯಲ್ಲಿ, ಒತ್ತಿದರೆ ಅಂಟಿಕೊಳ್ಳುವ ಪೆಡಲ್‌ಗಾಗಿ ಮತ್ತೆ 23 ಲಕ್ಷ. ಎಂಟು ಮಾದರಿಗಳ ಮಾರಾಟವೇ ಬಂದ್. ಫೆಬ್ರುವರಿ 24ರಂದು ಸಕಿಚಿಯ ಮರಿಮಗ, ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಬೆಳೆಯುವ ಆತುರದಲ್ಲಿ ನಮ್ಮ ಆದ್ಯತೆಗಳು ಅದಲುಬದಲಾದವು ಎಂದು ಒಪ್ಪಿಕೊಂಡರು. ಜನರಲ್ ಮೋಟಾರ್ಸನ್ನು ಹಿಂದಿಕ್ಕಿ ಟೊಯೊಟಾ ಜಗತ್ತಿನ ನಂಬರ್ ಒನ್ ಆಗಿದ್ದು 2008ರಲ್ಲಿ!

2014ರ ಮಾರ್ಚಿನಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ದಂಡ ಬಿದ್ದದ್ದು ಪೆಡಲ್ ಕೆಟ್ಟದ್ದಕ್ಕಲ್ಲ. ಗೊತ್ತಿದ್ದೂ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ.

‘ಬ್ರೇಕ್ ಒತ್ತಿದ್ದೆ’

ನನ್ನನ್ನು ಹೆಚ್ಚು ಕಾಡುವುದು ಸ್ಯಾಂಟೀ ಅಲ್ಲ, ಮಿನೆಸೊಟಾದ ಸೇಂಟ್ ಪಾಲ್.

2006ರ ಜೂನ್. ಲಾವೋಸ್ ಮೂಲದ ಮೋಂಗ್ ಸಮುದಾಯದ ಒಬ್ಬ ತರುಣ ಚರ್ಚಿನಿಂದ ಮನೆಗೆ ಮರಳುತ್ತಿದ್ದ. 1996ರ ಹಳೆಯ ಟೊಯೊಟಾ ಕ್ಯಾಮ್ರಿ. ಕಾರಿನಲ್ಲಿ ಬಸುರಿ ಹೆಂಡತಿ, ಮಗಳು, ಅಪ್ಪ, ಸಹೋದರ. ಹೆದ್ದಾರಿಯಿಂದ ಇಳಿಯುವ ಕಡೆ ಕಾರು ನಿಧಾನವಾಗುವ ಬದಲು ನುಗ್ಗಿತು. ಸಿಗ್ನಲ್‌ನಲ್ಲಿದ್ದ ಇನ್ನೊಂದು ಕಾರಿಗೆ ಗುದ್ದಿತು. ಆ ಕಾರಿನಲ್ಲಿದ್ದ ಅಪ್ಪ, ಮಗ ಅಲ್ಲೇ ಸತ್ತರು. ಒಂದು ಪುಟ್ಟ ಹುಡುಗಿ ಆಮೇಲೆ ತೀರಿಕೊಂಡಳು.

ಬ್ರೇಕ್ ಒತ್ತಿದ್ದೆ, ಬ್ರೇಕ್ ಒತ್ತಿದ್ದೆ ಎಂದು ಅವನು ಹೇಳುತ್ತಲೇ ಬಂದ. ಪೊಲೀಸರು ನಂಬಲಿಲ್ಲ. ಜ್ಯೂರಿ ನಂಬಲಿಲ್ಲ. ಅವನ ಪರವಾಗಿ ನಿಂತ ವಕೀಲನೇ, ಗೊತ್ತಿಲ್ಲದೆ ಆಕ್ಸಿಲರೇಟರ್ ಒತ್ತಿರಬೇಕು ಎಂಬ ಧಾಟಿಯಲ್ಲಿ ವಾದಿಸಿದ. ಎಂಟು ವರ್ಷ ಶಿಕ್ಷೆಯಾಯಿತು. ಯಾಕೆ ನಂಬಬೇಕಿತ್ತು ಹೇಳಿ? ಕ್ಯಾಮ್ರಿ ಎಂದರೆ ಅಮೆರಿಕದ ಇನ್ನೋವಾ. ಭಾಷೆ ಸರಿಯಾಗಿ ಬಾರದ ವಲಸಿಗನ ಮಾತು ಒಂದು ಕಡೆ, ಟೊಯೊಟಾ ಹೆಸರು ಇನ್ನೊಂದು ಕಡೆ.

ನಾಲ್ಕು ವರ್ಷಗಳ ಮೇಲೆ ಪತ್ರಿಕೆಗಳ ತುಂಬ ಟೊಯೊಟಾ ಪೆಡಲ್ಲಿನ ಸುದ್ದಿ ಬಂದಾಗ ಅವನ ಮಾತಿಗೆ ಮೊದಲ ಬಾರಿ ಕಿವಿ ಸಿಕ್ಕಿತು. ಬೇರೆ ಚಾಲಕರು ಮುಂದೆ ಬಂದು, ಆ ಕಾಲದ ಕ್ಯಾಮ್ರಿ ನಮಗೂ ಹೀಗೆ ಮಾಡಿದೆ ಎಂದರು. ಸತ್ತವರ ಮನೆಯವರೇ ಅವನನ್ನು ಬಿಡಿ ಎಂದು ಕೇಳಿದರು. 2010ರ ಆಗಸ್ಟಿನಲ್ಲಿ ನ್ಯಾಯಾಲಯ ಹೊಸ ವಿಚಾರಣೆಗೆ ಆದೇಶಿಸಿತು, ಸರ್ಕಾರ ಮತ್ತೆ ಮೊಕದ್ದಮೆ ಹೂಡಲಿಲ್ಲ, ಅವನು ಹೊರಬಂದ. 2015ರಲ್ಲಿ ಇನ್ನೊಂದು ಜ್ಯೂರಿ ಲೆಕ್ಕ ಹಾಕಿತು: ಅಪಘಾತದಲ್ಲಿ ಟೊಯೊಟಾ ಪಾಲು ಶೇ 60, ಚಾಲಕನ ಪಾಲು ಶೇ 40.

ಹೆಸರು ಎಷ್ಟು ದೊಡ್ಡದೋ, ಕೆಟ್ಟ ಕಾರಿನವನು ಅಷ್ಟು ಒಂಟಿ. ಯಾವುದೋ ದುರ್ಬಲ ಕಂಪನಿಯ ಕಾರು ಕೆಟ್ಟರೆ ಊರೆಲ್ಲ ಅಯ್ಯೋ ಪಾಪ ಎನ್ನುತ್ತದೆ. ಟೊಯೊಟಾ ಕೆಟ್ಟರೆ ‘ನೀನೇನು ಮಾಡಿದೆ’ ಎನ್ನುತ್ತದೆ.

ಗ್ರಾಹಕನೂ ದೇವರಲ್ಲ

ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಕಾರ್ಖಾನೆಯವರಿಗೆ ಅನ್ಯಾಯ. ಟೊಯೊಟಾ ಕಾರಿನ ಎಲೆಕ್ಟ್ರಾನಿಕ್ಸೇ ದೆವ್ವ ಹಿಡಿದಿದೆ ಎಂಬ ಗುಲ್ಲೆದ್ದಾಗ ಅಮೆರಿಕ ಸರ್ಕಾರ ನಾಸಾ ವಿಜ್ಞಾನಿಗಳನ್ನೇ ಕೂರಿಸಿತು. ಹತ್ತು ತಿಂಗಳು ಜಾಲಾಡಿದರು. ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಎಂದು 2011ರ ಫೆಬ್ರುವರಿಯಲ್ಲಿ ವರದಿ ಬಂತು. ಎಷ್ಟೋ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರನ್ನೇ ತುಳಿದಿದ್ದರು. (2013ರಲ್ಲಿ ಒಕ್ಲಹೋಮದ ಜ್ಯೂರಿಯೊಂದು ಇದನ್ನು ಒಪ್ಪದೆ ಕ್ಯಾಮ್ರಿಯ ಎಲೆಕ್ಟ್ರಾನಿಕ್ಸ್ ಮೇಲೇ ತಪ್ಪು ಹೊರಿಸಿತು. ತಜ್ಞರ ಜಗಳ ಮುಗಿದಿಲ್ಲ.)

ಅದಕ್ಕೂ ಮುಂಚೆ ಔಡಿಯ ಕತೆ ನಡೆದಿತ್ತು. 1986ರಲ್ಲಿ ‘60 ಮಿನಿಟ್ಸ್’ ಎಂಬ ಟಿ.ವಿ. ಕಾರ್ಯಕ್ರಮ ಔಡಿ 5000 ತಾನಾಗಿ ಓಡುತ್ತದೆ ಎಂದು ತೋರಿಸಿತು. ತೋರಿಸಲು ಕಾರಿಗೆ ಹೊರಗಿನಿಂದ ಗಾಳಿಯ ಒತ್ತಡ ಕೊಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ಸರ್ಕಾರಿ ತನಿಖೆ 1989ರಲ್ಲಿ ಪೆಡಲ್ ತಪ್ಪಿನ ಕಡೆಗೇ ಬೆರಳು ಮಾಡಿತು. ಅಷ್ಟರಲ್ಲಿ ಅಂಗಡಿ ಖಾಲಿ. ಅಮೆರಿಕದಲ್ಲಿ 1985ರಲ್ಲಿ 74,000 ಕಾರು ಮಾರಿದ್ದ ಔಡಿ 1991ರಲ್ಲಿ ಮಾರಿದ್ದು 12,000ದಷ್ಟು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಕಾರಿಗೆ ಅದು ಸಾಲದು. ಒಂದಗುಳು ಗಟ್ಟಿ ಇದ್ದರೆ ಪಾತ್ರೆಯನ್ನೇ ಚೆಲ್ಲಲಾಗದು. ಹಾಗೆಂದು ಪಾತ್ರೆ ಬೆಂದಿದೆ ಎನ್ನುವುದು ಹಲ್ಲು ಮುರಿದುಕೊಂಡವನಿಗೆ ಉತ್ತರವೂ ಆಗದು.

ಅಂಕಿಗಳಲ್ಲೇ ನೋಡಿ. ಜೆ.ಡಿ. ಪವರ್ ಎಂಬ ಸಂಸ್ಥೆ ಅಮೆರಿಕದಲ್ಲಿ ಮೂರು ವರ್ಷದ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. 2025ರಲ್ಲಿ ಎಲ್ಲರಿಗಿಂತ ಮೇಲೆ ಬಂದದ್ದು ಲೆಕ್ಸಸ್. ಅದರ ಅಂಕ 140. ಒಟ್ಟು ಸರಾಸರಿ 202. ಅಂದರೆ ಜಗತ್ತು ಮೆಚ್ಚುವ ಕಾರಿನಲ್ಲೂ ತಲಾ ಒಂದೂಕಾಲು, ಒಂದೂವರೆ ತೊಂದರೆ. ಹೆಚ್ಚಿನವು ಬ್ಲೂಟೂತ್ ಹಿಡಿಯುತ್ತಿಲ್ಲ ಎಂಬಂಥವು. ಸರಾಸರಿಯನ್ನು ಮಾತ್ರ ಯಾರೂ ಮನೆಗೆ ತಂದು ನಿಲ್ಲಿಸಿಕೊಳ್ಳುವುದಿಲ್ಲ. ತರುವುದು ಒಂದು ಕಾರು. ಆ ಒಂದು ನೂರಕ್ಕೆ ನೂರು ಒಳ್ಳೆಯದಿರುತ್ತದೆ, ಇಲ್ಲವೇ ಮೇಷ್ಟ್ರ ಕಾರಿನ ಹಾಗಿರುತ್ತದೆ.

▪ ನಿಂಬೆ ಕಾಯ್ದೆ
ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲಿ ಮೊದಲ ‘ನಿಂಬೆಹಣ್ಣಿನ ಕಾಯ್ದೆ’ ತಂದಿತು. ಈಗ ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಒಂದೇ ದೋಷವನ್ನು ಇಂತಿಷ್ಟು ಸಲ ಸರಿಪಡಿಸಲು ಆಗದಿದ್ದರೆ, ಅಥವಾ ಹೊಸ ಕಾರು ಇಂತಿಷ್ಟು ದಿನ ಗ್ಯಾರೇಜಿನಲ್ಲೇ ಕೂತರೆ, ಕಂಪನಿ ಬೇರೆ ಕಾರು ಕೊಡಬೇಕು ಇಲ್ಲವೇ ಹಣ ಹಿಂದಿರುಗಿಸಬೇಕು. ಭಾರತದಲ್ಲಿ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ.

ಬಿಳಿ ಹೊಗೆ

ದೂರಿದವರು ಒಬ್ಬಿಬ್ಬರಲ್ಲದೆ ಒಂದು ದಂಡೇ ಆದಾಗ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಇದೆ. ಅಲ್ಲಿನ ಒಳನಾಡಿನಲ್ಲಿ ಟೊಯೊಟಾ ಎಂದರೆ ಬರಿಯ ಬ್ರ್ಯಾಂಡ್ ಅಲ್ಲ, ಮರುಭೂಮಿ ದಾಟಿಸುವ ಒಂಟೆ. ಆ ಒಂಟೆಗಳಲ್ಲಿ ಹೈಲಕ್ಸ್, ಪ್ರಾಡೊ, ಫಾರ್ಚುನರ್ ಎಂಬ ಮೂರು ಕೆಮ್ಮತೊಡಗಿದವು.

ಅವುಗಳ ಡೀಸೆಲ್ ಎಂಜಿನ್ನಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ. ಡಿ.ಪಿ.ಎಫ್. ಎನ್ನುತ್ತಾರೆ. ತುಂಬಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿದರೆ ಈ ಜರಡಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬಿಳಿ ಹೊಗೆ, ಕೆಟ್ಟ ವಾಸನೆ, ಕಡಿಮೆ ಮೈಲೇಜು, ಮತ್ತೆ ಮತ್ತೆ ವರ್ಕ್‌ಶಾಪು. ಆಸ್ಟ್ರೇಲಿಯಾದಲ್ಲಿ ನೂರರ ವೇಗದಲ್ಲಿ ಓಡಿಸದೆ ಇನ್ನೇನು ಮಾಡುತ್ತಾರೆ? ಊರಿಂದೂರಿಗೆ ಅಷ್ಟು ದೂರ.

ಮಾಲೀಕರು ಒಟ್ಟಾಗಿ ಫೆಡರಲ್ ನ್ಯಾಯಾಲಯಕ್ಕೆ ಹೋದರು. 2015ರ ಅಕ್ಟೋಬರಿನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಸುಮಾರು 2.64 ಲಕ್ಷ ಗಾಡಿಗಳಿಗೆ ಸೇರಿದ ಮೊಕದ್ದಮೆ. 2022ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಹೊಗೆ ಬಂದ ಗಾಡಿ ಮಾತ್ರವಲ್ಲ, ಬಾರದ ಗಾಡಿಯೂ ಹುಟ್ಟಿನಿಂದಲೇ ದೋಷಪೂರಿತ, ಕೊಟ್ಟ ಬೆಲೆಯಲ್ಲಿ ಶೇ 17.5ರಷ್ಟು ನಷ್ಟ ಎಂದು. ಮೇಲ್ಮನವಿಯಲ್ಲಿ ಅದು ಶೇ 10ಕ್ಕೆ ಇಳಿಯಿತು. 2020ರಲ್ಲಿ ಕಂಪನಿ ಕೊಟ್ಟ ಪರಿಹಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2024ರ ನವೆಂಬರಿನಲ್ಲಿ ಮೊದಲ ನ್ಯಾಯಾಲಯಕ್ಕೇ ಹಿಂದಕ್ಕೆ ಕಳಿಸಿತು. ನಷ್ಟ ಎಷ್ಟು ಎಂಬ ಜಗಳ ಸಾಗುತ್ತಲೇ ಹೋಯಿತು. ದೋಷ ಇತ್ತೇ ಎಂಬ ಪ್ರಶ್ನೆ ಮಾತ್ರ ಅಳಿಯಿತು.

ಇದೇ ವಂಶದ ಡೀಸೆಲ್ ಎಂಜಿನ್ನುಗಳು ನಮ್ಮ ಜಿಗಣಿಯಲ್ಲೂ ತಯಾರಾಗುತ್ತವೆ. 2024ರ ಜನವರಿ ಕೊನೆಯಲ್ಲಿ ಇನ್ನೊಂದು ಸುದ್ದಿ ಜಪಾನಿನಿಂದ ಬಂತು. ಪರೀಕ್ಷೆಯಲ್ಲಿ ಎಂಜಿನ್ನಿನ ಶಕ್ತಿಯ ಅಂಕಿಗಳು ನುಣುಪಾಗಿ ಕಾಣುವಂತೆ ಟೊಯೊಟಾ ಇಂಡಸ್ಟ್ರೀಸ್‌ನವರು ಸಾಫ್ಟ್‌ವೇರಿನಲ್ಲಿ ಕೈಯಾಡಿಸಿದ್ದರು. ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆ ಕೆಲ ದಿನ ನಿಂತಿತು, ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಗಾಡಿ ಓಡಿಸುವವರಿಗೆ ಅಪಾಯವೇನೂ ಇರಲಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಲಕ್ಷದಷ್ಟು ಟುಂಡ್ರಾ ಮತ್ತು ಲೆಕ್ಸಸ್ ಗಾಡಿಗಳು ವಾಪಸಾದವು. ಎಂಜಿನ್ ಕೊರೆಯುವಾಗ ಉದುರಿದ ಲೋಹದ ಚೂರು ಒಳಗೇ ಉಳಿದಿರಬಹುದು ಎಂಬ ಕಾರಣಕ್ಕೆ. ನೂಲು ಕಡಿದರೆ ಮಗ್ಗ ನಿಲ್ಲಿಸಿದವನ ಮನೆಯಲ್ಲಿ, ಚೂರು ಒರೆಸದ ಎಂಜಿನ್!

ಹೆಸರು ಎಂಬುದು ಎಷ್ಟು ಲೋಹ, ಎಷ್ಟು ನಂಬಿಕೆ ಎಂದು ತೂಗಬೇಕೆಂದರೆ ದೂರ ಹೋಗಬೇಕಿಲ್ಲ. ಟೊಯೊಟಾ ಗ್ಲಾನ್ಜಾ ಎಂದರೆ ಮಾರುತಿ ಬಲೆನೊ. ಮಾಡುವುದು ಸುಜುಕಿ, ಲಾಂಛನ ಬೇರೆ. ಮಾರುತಿ ಮಾರುವ ಗ್ರ್ಯಾಂಡ್ ವಿಟಾರಾ ಹುಟ್ಟುವುದು ಬಿಡದಿಯಲ್ಲಿ, ಟೊಯೊಟಾ ಕೈಯಲ್ಲಿ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕೆ ಮಾರುತಿ 17,362 ಕಾರು ವಾಪಸು ಕರೆದ ಅದೇ ಹೊತ್ತಿಗೆ ಟೊಯೊಟಾ 1,390 ಗ್ಲಾನ್ಜಾ, ಹೈರೈಡರ್‌ಗಳನ್ನು ಕರೆಯಿತು. ಭಾಗವೂ ಒಂದೇ, ದೋಷವೂ ಒಂದೇ. ಆದರೂ ‘ಟೊಯೊಟಾ ತಗೊಂಡ್ರೆ ನಿಶ್ಚಿಂತೆ’ ಎಂದು ಗ್ಲಾನ್ಜಾ ಕೊಂಡವರನ್ನು ನಾನು ಬಲ್ಲೆ. ಅವರು ಪೂರ್ತಿ ತಪ್ಪೂ ಅಲ್ಲ. ಆಗ ಮಾರುತಿ ಎರಡು ವರ್ಷ ವಾರಂಟಿ ಕೊಡುತ್ತಿದ್ದರೆ ಟೊಯೊಟಾ ಮೂರು ವರ್ಷ ಕೊಡುತ್ತಿತ್ತು. ಲಾಂಛನಕ್ಕೆ ಕೊಟ್ಟ ಹಣದಲ್ಲಿ ಅಷ್ಟಾದರೂ ವಾಪಸು ಬಂತು.

▪ ನಿಮ್ಮ ಕೈಯಲ್ಲಿರುವ ಹಗ್ಗ
ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ, ಅಪಾಯಕಾರಿ ದೋಷವಿದ್ದರೆ ಗಾಡಿಗಳನ್ನು ವಾಪಸು ಕರೆಯುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಜಾರಿ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಅದಕ್ಕೂ ಮುಂಚೆ ಇದ್ದದ್ದು 2012ರ ಸ್ವಯಂಪ್ರೇರಿತ ಸಂಹಿತೆ ಮಾತ್ರ.
ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ, ಕೊಟ್ಟ ಬೆಲೆ ₹50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. ಸ್ವಂತ ದುಡಿಮೆಗೆ ತಾನೇ ಓಡಿಸುವ ಟ್ಯಾಕ್ಸಿ ಚಾಲಕನೂ ಇಲ್ಲಿ ಗ್ರಾಹಕನೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

‘ಉತ್ಪಾದನಾ ದೋಷ’ ಎಂಬ ಬೆಟ್ಟ

ಕಾಯ್ದೆ ಇದೆ ಎಂದ ಮಾತ್ರಕ್ಕೆ ದಾರಿ ಸಲೀಸಲ್ಲ. ಕಾರು ಬದಲಿಸಿಕೊಡಿ ಎಂದು ಕೇಳಬೇಕಾದರೆ ಅದರಲ್ಲಿ ಉತ್ಪಾದನಾ ದೋಷವಿದೆ ಎಂದು ತೋರಿಸಬೇಕು. ಹೇಗೆ? ಪ್ರಯೋಗಾಲಯದ ಅಥವಾ ತಜ್ಞರ ವರದಿಯಿಂದ. ಮಾರುತಿ ಕಾರೊಂದರ ಕ್ಲಚ್ ತೊಂದರೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಕೆಟ್ಟ ಭಾಗ ಬದಲಿಸಿದರೆ ಸಾಕು, ಇಡೀ ಕಾರು ಬದಲಿಸಬೇಕಿಲ್ಲ ಎಂದಿತ್ತು. ಕಂಪನಿಯ ವಕೀಲರ ಕೈಯಲ್ಲಿ ಅಂದಿನಿಂದ ಅದೊಂದು ಗುರಾಣಿ.

ಸಿಗ್ನಲ್‌ನಲ್ಲಿ ಆಫ್ ಆಗುವ ಕಾರು ಸರ್ವಿಸ್ ಸ್ಟೇಷನ್ನಿಗೆ ಹೋದರೆ ಸೊಗಸಾಗಿ ಓಡುತ್ತದೆ, ವೈದ್ಯರ ಮುಂದೆ ಹಲ್ಲುನೋವು ಮಾಯವಾಗುವ ಹಾಗೆ. ‘ಟೆಸ್ಟ್ ಡ್ರೈವ್ ಮಾಡಲಾಯಿತು, ದೋಷ ಕಂಡುಬರಲಿಲ್ಲ’ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ. ನೀವು ಹೇಳಿದ್ದು ‘ಎಂಜಿನ್ ಆಫ್ ಆಗುತ್ತೆ’ ಎಂದು, ಅವರು ಬರೆದುಕೊಂಡದ್ದು ‘ಜನರಲ್ ಚೆಕಪ್’ ಎಂದು. ಎರಡು ವರ್ಷದ ಮೇಲೆ ಆಯೋಗದ ಮುಂದೆ ನಿಲ್ಲುವುದು ನಿಮ್ಮ ಮಾತಲ್ಲ, ಆ ಎರಡು ಪದ.

ನನ್ನ ಅಭಿಪ್ರಾಯ ಕೇಳಿದರೆ, ಟೊಯೊಟಾಗಿರುವ ಹೆಸರು ಸುಳ್ಳಲ್ಲ. ನಾಳೆ ನಾನು ಊರಿಗೆ ಹೋಗಲು ಗಾಡಿ ಹೇಳಿದರೂ ಇನ್ನೋವಾನೇ ಹೇಳುತ್ತೇನೆ. ಆದರೆ ಹೆಸರು ಕೊಳ್ಳುವ ಮುನ್ನ ನೋಡಬೇಕಾದ ವಸ್ತು. ಕೊಂಡ ಮೇಲೆ, ಕೆಟ್ಟ ಕಾರಿನವನ ಬಾಯಿ ಮುಚ್ಚಿಸಲು ಅದನ್ನು ಬಳಸುವ ಹಕ್ಕು ಶೋರೂಮಿಗೂ ಇಲ್ಲ, ಟ್ಯಾಕ್ಸಿ ಸ್ಟ್ಯಾಂಡಿಗೂ ಇಲ್ಲ. ಆದ್ದರಿಂದ ಗಾಡಿ ಬಿಡುವಾಗ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿಗೆ ಇಳಿಯುವವರೆಗೆ ಸಹಿ ಹಾಕಬೇಡಿ. ತೊಂದರೆ ಕಂಡಾಗ ಫೋನಿನಲ್ಲಿ ವಿಡಿಯೊ ಮಾಡಿ. ಹೇಳುವುದನ್ನು ಇ-ಮೇಲಿನಲ್ಲಿ ಹೇಳಿ. ಗಾಡಿಯ ಚಾಸಿ ನಂಬರ್ ಹಾಕಿ ವಾಪಸಾತಿ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ವರ್ಷಕ್ಕೊಮ್ಮೆ ನೋಡಿ.

ಮೇಷ್ಟ್ರ ಕಂಕುಳಲ್ಲಿದ್ದ ಫೈಲಿನಲ್ಲಿ ಇದ್ದದ್ದು ಏಳು ಜಾಬ್ ಕಾರ್ಡು, ಹದಿನಾಲ್ಕು ಇ-ಮೇಲು, ಒಂದು ಪೆನ್‌ಡ್ರೈವು. ಅಂದು ಕಾರಿನ ಸರದಿ ಮುಗಿದ ಮೇಲೆ ಅವರು ಆ ಫೈಲನ್ನೂ ಬಾನೆಟ್ ಮೇಲೆ ಇಟ್ಟರು. ಪುರೋಹಿತರು ಒಂದು ಕ್ಷಣ ಮುಖ ನೋಡಿ, ಅದಕ್ಕೂ ಎರಡು ಬೊಟ್ಟು ಕುಂಕುಮ ಹಚ್ಚಿದರು.

ಈ ಆಯುಧಪೂಜೆಗೆ ಕಾರು ಸ್ಟ್ಯಾಂಡಿಗೆ ಬರುವುದಿಲ್ಲ. ಆಯೋಗದ ಆದೇಶದಂತೆ ತಜ್ಞರ ಪರೀಕ್ಷೆಗೆ ಹೋಗಿದೆ. ಮುಂದಿನ ತಾರೀಖು ದೀಪಾವಳಿ ಕಳೆದ ಮೇಲೆ.